ಮಾರ್ಲಿಸಳ ಒಪ್ಪಿಗೆಗೆ ಕಾದ ಒಲೆ

ಅಮೆರಿಕದ ದೊಡ್ಡ ಸರೋವರವೊಂದರ ದಡದ ಡುಲೂತ್ ಊರಿನಲ್ಲಿ ಹೊಗಳಿಕೆಗೆ ಇರುವಷ್ಟು ಬರ ಮರಳುಗಾಡಿನಲ್ಲಿ ನೀರಿಗೂ ಇಲ್ಲ. ಮಗ ಚಂದ್ರನ ಮೇಲೆ ನಡೆದಾಡಿ ಮನೆಗೆ ಬಂದರೂ ತಾಯಿಯಾದವಳು ಬೂಟಿನ ಧೂಳು ನೋಡಿ, "ಪರವಾಗಿಲ್ಲ" ಎಂದಾಳು. ಅದೇ ಅಲ್ಲಿಯ ಚಿನ್ನದ ಪದಕ. ಯಾರಾದರೂ ನಿಮ್ಮ ಅಡುಗೆ ಉಂಡು "ಬೇರೆ ಥರ ಇದೆ" ಅಂದರೋ, ಪಾತ್ರೆಯನ್ನು ನಾಯಿಗಿಟ್ಟು ಊರು ಬಿಡುವುದು ಒಳಿತು.

ಆರ್ವಿಡ್ ಲುಂಡೀನನಿಗೆ ಮದುವೆಯಾಗಿ ಹನ್ನೊಂದು ವರ್ಷ. ಹೆಂಡತಿ ಮಾರ್ಲಿಸ್ ಬಂದರಿನ ಎತ್ತುವ ಸೇತುವೆಯನ್ನು ನಡೆಸುವವಳು. ಅವಳು ಒಂದು ಗುಂಡಿ ಒತ್ತಿದರೆ ಇಡೀ ರಸ್ತೆಯೇ ಎದ್ದು ಮೋಡಕ್ಕೆ ತಲೆ ತಾಗಿಸುತ್ತದೆ, ಅಡಿಯಲ್ಲಿ ಒಂದು ತಾಲ್ಲೂಕಿನಷ್ಟು ಉದ್ದದ ಹಡಗು ತೂರಿ ಹೋಗುತ್ತದೆ. ಅಂಥವಳನ್ನು ಮೆಚ್ಚಿಸುವುದೆಂದರೇನು ಮಕ್ಕಳಾಟವೇ? ಅವಳ ಬಾಯಿಂದ ಆರ್ವಿಡ್‌ಗೆ "ಬೇರೆ ಥರ" ಸಾವಿರ ಸಲ ಸಿಕ್ಕಿತ್ತು. "ಪರವಾಗಿಲ್ಲ" ಒಮ್ಮೆಯೂ ಇಲ್ಲ. ಅದೊಂದನ್ನು ಕೇಳದೆ ಸತ್ತರೆ ಗೋರಿಯಲ್ಲೂ ನಿದ್ದೆ ಹತ್ತದು ಎಂದು ಅವನಿಗೆ ಖಾತ್ರಿಯಾಗಿತ್ತು.

ಕಂಪ್ಯೂಟರ್ ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವವನು ಮೆಚ್ಚಿಸುವುದಾದರೂ ಯಾವುದರಿಂದ? ಎಲೆ ಉದುರುವ ಕಾಲದಲ್ಲಿ ಕೂತವನು ನಲವತ್ತು ಸಾವಿರ ಸಾಲು ಬರೆದೇ ಎದ್ದ. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ. ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ಯಂತ್ರ, ನೆಲ ಗುಡಿಸುವ ದುಂಡನೆಯ ಯಂತ್ರ, ಒಲೆ, ದೀಪ, ಎಲ್ಲಕ್ಕೂ ಒಂದೇ ಮೂಗುದಾರ.

"ಇನ್ನು ನೀನು ಒಂದು ಬೆರಳೂ ಎತ್ತೋದು ಬೇಡ ಕಣೇ," ಎಂದ ಎದೆಯುಬ್ಬಿಸಿ.

"ಸೇತುವೆ ಎತ್ತೋಳಿಗೆ ಬೆರಳು ಭಾರ ಅಲ್ಲ ಮಾರಾಯ. ನೀನು ನಿನ್ನ ಕಾಲುಚೀಲ ಎತ್ತು, ಸಾಕು."

ಆದರೆ ಆರ್ವಿಡ್‌ನ ಕಸುಬಿನಲ್ಲಿ ಒಂದು ಕಟ್ಟುಪಾಡು: ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ "ಒಪ್ಪಿಗೆ" ಒತ್ತುವ ತನಕ ಅದು ಹೊಸಿಲು ದಾಟುವಂತಿಲ್ಲ. ತನ್ನ ಕೆಲಸಕ್ಕೆ ತಾನೇ ಒಪ್ಪಿಗೆ ಕೊಡುವುದು ಕಳ್ಳನೇ ನ್ಯಾಯಾಧೀಶನಾದಂತೆ. ಮನೆಯಲ್ಲಿ ಇನ್ನೊಬ್ಬರು ಅಂದರೆ ಮಾರ್ಲಿಸ್ ತಾನೆ? ಹೀಗಾಗಿ ಪ್ರತಿ ಕೆಲಸವೂ ಅವಳ ಫೋನಿಗೆ ಹೋಗಿ ಕೈಕಟ್ಟಿ ನಿಂತಿತು. ಬಟ್ಟೆ ಒಗೆಯಲೇ? ಒಪ್ಪಿಗೆ. ಹಿಂಡಲೇ? ಒಪ್ಪಿಗೆ. ಸೋಫಾದ ಅಡಿ ಹೋಗಲೇ?

"ಬೆರಳು ಎತ್ತೋದು ಬೇಡ ಅಂದೆ. ಈಗ ನೋಡು, ಹೆಬ್ಬೆರಳು ಸವೆದು ಕಿರುಬೆರಳಾಗಿದೆ."

"ಪದ್ಧತಿ ಅಂದ್ರೆ ಪದ್ಧತಿ ಕಣೇ."

"ಬೇರೆ ಥರ ಇದೆ," ಎಂದಳು ಮಾರ್ಲಿಸ್.

ನವೆಂಬರ್ ಕೊನೆಯ ಭಾನುವಾರ ಆರ್ವಿಡ್‌ನ ಅತ್ತೆ ಹಿಲ್ಡ್ರೆಡ್ ಸಂಜೆ ಐದಕ್ಕೆ ಊಟಕ್ಕೆ ಬರುವವರಿದ್ದರು. ಮಾರ್ಲಿಸ್‌ಗೆ ನಾಲ್ಕರವರೆಗೆ ಪಾಳಿ. ಸರೋವರ ಹೆಪ್ಪುಗಟ್ಟುವ ಮುಂಚೆ ಊರು ಸೇರಬೇಕೆಂದು ಹಡಗುಗಳು ಒಂದರ ಬಾಲ ಒಂದು ಕಚ್ಚಿ ನಿಂತಿದ್ದವು. ಪಾಳಿ ಮುಗಿಯುವ ತನಕ ಅವಳ ಫೋನು ಸೇತುವೆ ಕಚೇರಿಯ ಬೀರುವಿನೊಳಗೆ. ಹೊರಡುವಾಗ, "ಹಾಟ್‌ಡಿಶ್ ಮೂರಕ್ಕೆ ಒಲೆಗೆ ಹೋಗ್ಲಿ," ಎಂದಷ್ಟೇ ಹೇಳಿದ್ದಳು.

ಹೋಗಲಿಲ್ಲ. ಒಲೆ ಒಪ್ಪಿಗೆ ಕೇಳಿತು, ಉತ್ತರವಿಲ್ಲ. ಪಾತ್ರೆ, ಬಟ್ಟೆ, ನೆಲ ಎಲ್ಲ ಒಂದೊಂದಾಗಿ ಕೇಳಿ, ಮೂವತ್ತೊಂದು ಅರ್ಜಿಗಳು ಬೀರುವಿನ ಕತ್ತಲಲ್ಲಿ ಸಾಲು ನಿಂತವು. ಹಸಿ ಮಾಂಸದ ಮೇಲೆ ಆಲೂಗಡ್ಡೆ ಜೋಡಿಸಿದ ಹಾಟ್‌ಡಿಶ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಆರ್ವಿಡ್ ತಣ್ಣನೆಯ ಒಲೆಯೆದುರು ತಪಸ್ಸಿಗೆ ಕೂತ. ಒಲೆಯ ಗುಂಡಿ ಮೂಗಿನಿಂದ ಒಂದು ಗೇಣು ದೂರ. ಮುಟ್ಟಲಿಲ್ಲ. ಸತ್ಯಕ್ಕಾಗಿ ರಾಜ್ಯ ಬಿಟ್ಟವರಿದ್ದಾರೆ, ಪದ್ಧತಿಗಾಗಿ ಆಲೂಗಡ್ಡೆ ಹಸಿಯಾಗಿಯೇ ಬಿಟ್ಟವನು ಇವನೊಬ್ಬನೇ.

ನಾಲ್ಕಕ್ಕೆ ಹತ್ತು ನಿಮಿಷ ಮೀರಿ ಮಾರ್ಲಿಸ್ ಒಳಬಂದಳು. ಒಲೆ ನೋಡಿದಳು, ಗಂಡನನ್ನು ನೋಡಿದಳು.

"ಯಾಕೆ, ಕೈ ಬಿದ್ದುಹೋಗಿದ್ಯಾ?"

"ನೀನು ಒಪ್ಪಿಗೆ ಕೊಟ್ಟಿರ್ಲಿಲ್ಲ..."

ಅವಳು ಕೋಟು ಕೂಡ ತೆಗೆಯದೆ ಫೋನು ಹಿಡಿದು ಮೂವತ್ತೊಂದಕ್ಕೂ "ತಿರಸ್ಕಾರ" ಒತ್ತಿದಳು. "ಈಗ ನಿನ್ನ ಯಂತ್ರಕ್ಕೆ ಕೆಲಸ ಇಲ್ಲ. ನಿಂಗಿದೆ. ಏಳು!"

ಅಪ್ಪಾ, ಆಮೇಲಿನ ಐವತ್ತು ನಿಮಿಷ! ಆರ್ವಿಡ್ ಒಲೆಯ ಗುಂಡಿ ತಿರುಗಿಸಿದ, ಪಾತ್ರೆ ತಿಕ್ಕಿದ, ಬಟ್ಟೆ ಒಗೆದು ಹರವಿದ, ಹೊಸ್ತಿಲಿನ ಹಿಮ ತೋಡಿದ. ಸಲಿಕೆಯ ರಭಸಕ್ಕೆ ಹಾರಿದ ಹಿಮ ಕೆನಡಾದಲ್ಲಿ ಬಿತ್ತೆಂದು ಹೇಳುತ್ತಾರೆ. ಅತ್ತೆ ಬಂದು ಕೂರುವಾಗ ಹಾಟ್‌ಡಿಶ್ ಕುದಿಯುತ್ತ ಮೇಜಿಗೆ ಬಂತು.

ಮಾರ್ಲಿಸ್ ಒಂದು ತುತ್ತು ಬಾಯಿಗಿಟ್ಟಳು. ತೊಳೆದ ಪಾತ್ರೆಗಳತ್ತ ಒಮ್ಮೆ ನೋಡಿದಳು.

"ಪರವಾಗಿಲ್ಲ," ಎಂದಳು.

ಹಿಲ್ಡ್ರೆಡ್ ಚಮಚ ಕೆಳಗಿಟ್ಟರು. "ಮದುವೆ ದಿನಾನೂ ಇವಳು ನಿನ್ನ ಇಷ್ಟು ಹೊಗಳಿರ್ಲಿಲ್ಲಪ್ಪ."

ಆರ್ವಿಡ್‌ನ ಕಣ್ಣು ಸರೋವರವಾಯಿತು. ಆಗಲೇ ಅವನ ಫೋನು ಮಿಡಿಯಿತು. ಮೇಜಿನಡಿ ಫೋನು ಹಿಡಿದು ಮಾರ್ಲಿಸಳೇ ಅರ್ಜಿ ಹಾಕಿದ್ದಳು: "ಭಾನುವಾರದ ಮನೆಗೆಲಸ. ಮಾಡುವವನು: ಆರ್ವಿಡ್. ವಿಧಾನ: ಸ್ವಂತ ಕೈ." ಅದರ ಕೆಳಗೆ ಮೈಲುದ್ದದ ಪಟ್ಟಿ. ಇವತ್ತಿನದ್ದನ್ನೇ ದಾಖಲು ಮಾಡಿದ್ದಾಳೆಂದು ಅವನು ಹಿಗ್ಗಿದ. ಆ ಖುಷಿಯಲ್ಲಿ, ತನ್ನ ಕಸುಬಿನವರೆಲ್ಲ ದಿನಾ ಮಾಡುವುದನ್ನೇ ಮಾಡಿದ: ಕೊನೆಯ ತನಕ ಓದದೆ "ಒಪ್ಪಿಗೆ" ಒತ್ತಿದ.

ಕೊನೆಯ ಸಾಲು ಆಮೇಲೆ ಕಣ್ಣಿಗೆ ಬಿತ್ತು. "ಪ್ರತಿ ಭಾನುವಾರ. ಮುಗಿಯುವ ದಿನ: ಇಲ್ಲ."

"ಮಾರ್ಲಿಸ್, ಇದನ್ನ ರದ್ದು ಮಾಡ್ಬೇಕಲ್ಲೇ!"

"ಮಾಡು. ಇನ್ನೊಬ್ಬರ ಒಪ್ಪಿಗೆ ಬೇಕಾಗುತ್ತೆ, ಅಷ್ಟೆ," ಎಂದವಳೇ ಎದ್ದು, ತನ್ನ ಫೋನನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. "ಪದ್ಧತಿ ಅಂದ್ರೆ ಪದ್ಧತಿ. ಅಮ್ಮನಿಗೆ ಇನ್ನೊಂಚೂರು ಬಡಿಸು."