ಯಾರ ಕಿಡ್ನಿ?

ಹೊಳಲ್ಕೆರೆಗೆ ಉಷಾರಾಣಿಯನ್ನು ನೋಡಲು ಬಂದಿದ್ದ ಹುಡುಗನ ಸೋದರಮಾವ ಮಾರಣ್ಣ, ಉಪ್ಪಿಟ್ಟು ಮುಗಿಸಿ ಬಿಪಿ ಮಾತ್ರೆ ತೆಗೆಯುತ್ತಾ ಕೇಳಿದರು: "ಔಷಧಿ ಲ್ಯಾಬಲ್ಲಿ ಏನ್ ಕೆಲಸಮ್ಮ?"

"ಮನುಷ್ಯರ ಕಿಡ್ನಿಯ ಜೀವಕೋಶ ಬೆಳೆಸ್ತೀವಿ. ಕ್ಯಾಲ್ಸಿಯಂ ಒಳಗೆ ಬಿಡೋ ಬಾಗಿಲಿನ ಜೀನ್ ಅದಕ್ಕೆ ಸೇರಿಸಿ, ಯಾವ ಔಷಧಿ ಆ ಬಾಗಿಲು ಮುಚ್ಚುತ್ತೆ ಅಂತ ನೋಡ್ತೀವಿ."

"ಯಾರ ಕಿಡ್ನಿ?"

"ನಾನು ಹುಟ್ಟೋ ಮುಂಚಿನದು, ವಿದೇಶದ್ದು. ಹೆಸರು ಗೊತ್ತಿಲ್ಲ."

"ಅಂದ್ರೆ ಯಾವ ಜನ ಅಂತಾನೂ ಗೊತ್ತಿಲ್ಲ! ಅದನ್ನ ಮುಟ್ಟಿ ನಮ್ಮ ಅಡುಗೆಮನೆಗೆ ಬರೋದಾ? ಮದುವೆ ಆಗ್ಬೇಕಂದ್ರೆ ಕೆಲಸ ಬಿಡು."

ಹುಡುಗ ಮಾರುತೇಶ್ ತಟ್ಟೆಯಿಂದ ತಲೆ ಎತ್ತಲಿಲ್ಲ.

ಉಷಾರಾಣಿ ಮಾತ್ರೆಯ ಪಟ್ಟಿಯ ಮೇಲಿನ ಹೆಸರು ಓದಿದಳು. "ನಿಮ್ಮ ಕೈಲಿರೋ ಮಾತ್ರೆನೂ ಅದೇ ಬಾಗಿಲು ಮುಚ್ಚೋದು. ಇಂಥವನ್ನೇ ನಾವು ಆ ಕಿಡ್ನಿ ಮೇಲೆ ಪರೀಕ್ಷೆ ಮಾಡೋದು. ಮೈಲಿಗೆ ಅನ್ಸಿದ್ರೆ ನುಂಗಬ್ಯಾಡ್ರಿ."

ಮಾರಣ್ಣ ಮಾತ್ರೆಯನ್ನು ತಿರುಗಿಸಿ ನೋಡಿ, ಗುಳುಕ್ಕನೆ ನುಂಗಿದರು.

"ಆಯ್ತಮ್ಮ, ಕೆಲಸ ಬಿಡಬ್ಯಾಡ."

ಉಷಾರಾಣಿ ಇನ್ನೂ ಉಪ್ಪಿಟ್ಟು ಕೆದಕುತ್ತಿದ್ದ ಮಾರುತೇಶನನ್ನು ನೋಡಿದಳು.

"ಸರಿ ಬಿಡ್ರಿ. ಹುಡುಗನ್ನ ಬಿಡ್ತೀನಿ."