ಕೆಂಪು ಟೇಪಿನ ಅಡಾಪ್ಟರು

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ. ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಹಾಲಿನಿಂದ ರೂಮಿಗೆ, ರೂಮಿನಿಂದ ಬಾಲ್ಕನಿಗೆ ಹೋಗಿಬಂದೆ.

"ಒಂದು ಕಡೆ ಕೂತ್ಕೋಬಾರದಾ? ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದರು ಅತ್ತೆ.

ಕೂತೆ. ಎದ್ದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಅವನ ಕೆಲಸದ ಚೀಲ ತೂಗುತ್ತಿತ್ತು. ಯಾರೂ ಮುಟ್ಟಿರಲಿಲ್ಲ.

ಆಗ ಉದ್ದಣ್ಣನ ಫೋನ್ ಬಂತು. ಅವನೂ ನನ್ನ ಗಂಡನೂ ಸೇರಿ ಕಚೇರಿಗಳಿಗೆ ವೈಫೈ ಹಾಕಿಕೊಡುತ್ತಿದ್ದರು. ತಂತಿ ಎಳೆಯುವುದು ಉದ್ದಣ್ಣ, ಪೆಟ್ಟಿಗೆ ಕೂರಿಸುವುದು ಇವನು. ಏಣಿ ಮರೆತರೂ ನಡೆಯುತ್ತದೆ, ಉದ್ದಣ್ಣನನ್ನು ಮರೆಯಬಾರದು ಎಂದು ಇವನು ನಗುತ್ತಿದ್ದ.

"ಅತ್ತಿಗೆ, ಇವತ್ತು ಕೇಳಬಾರದು. ಆದ್ರೂ... ವಾಚನಾಲಯದ ಪೆಟ್ಟಿಗೆ ಬಗ್ಗೆ ಅವನು ಏನಾದ್ರೂ ಹೇಳಿದ್ನಾ?"

ಅದು ಅವನ ಕೊನೆಯ ಕೆಲಸ. ವಾಚನಾಲಯದ ಹಳೆಯ ವೈಫೈ ಪೆಟ್ಟಿಗೆಯನ್ನು ಎಸೆಯುವ ಬದಲು, ಅದರ ಬೆನ್ನಿನ ಖಾನೆಗೆ ವೈಫೈ ಅಲೆ ಹರಡುವ ಹೊಸ ರೇಡಿಯೋ ಮಾಡ್ಯೂಲ್ ಒಂದನ್ನು ಸೇರಿಸಿದ್ದ. ವೇಗ ಹೆಚ್ಚಬೇಕಿತ್ತು. ಕೂರಿಸಿ ಮನೆಗೆ ಬಂದ. ಆ ರಾತ್ರಿಯೇ ಹೃದಯ ನಿಂತಿತು.

"ಮಾಡ್ಯೂಲ್ ಜೀವಾನೇ ಹಿಡೀತಿಲ್ಲ. ನೆಟ್ ಮೊದಲಿನ ಹಾಗೇ ತೆವಳ್ತಿದೆ. ಮೇಲ್ವಿಚಾರಕರು ಕೆಲಸ ಕೆಟ್ಟಿದೆ, ಕಿತ್ತುಹಾಕು, ಬೇರೆಯವರನ್ನ ಕರೆಸ್ತೀನಿ ಅಂತಿದ್ದಾರೆ."

"ಕೀಳಬೇಡ. ನಾನು ಬರ್ತೀನಿ."

"ನೀವಾ? ನೀವು ಓದಿದ್ದು ಇತಿಹಾಸ ಅಲ್ವಾ?"

"ಊಟ ಮಾಡಿದ್ದು ಅವನ ಜೊತೆ."

ಅವನು ಇಲ್ಲ ಎಂಬುದೇ ನನಗೆ ಇನ್ನೂ ತಟ್ಟಿರಲಿಲ್ಲ. ಆದರೆ ಅವನ ಕೊನೆಯ ಕೆಲಸ ಕೆಟ್ಟಿತ್ತು ಎಂಬ ಮಾತು ತಟ್ಟಿತು.

ಚೀಲ ತೆರೆದೆ. ನಾನು ಹುಡುಕಿದ್ದು ಮೇಲೆಯೇ ಇತ್ತು: ಕೆಂಪು ಟೇಪು ಸುತ್ತಿದ ದಪ್ಪ ಕಪ್ಪು ಅಡಾಪ್ಟರು. ಕೊನೆಯ ಊಟದಲ್ಲಿ ಅವನು ಹೇಳಿದ್ದು ಅದರ ಮಾತೇ.

"ನೆಟ್ ತಂತಿಯಲ್ಲೇ ಕರೆಂಟೂ ಹೋಗುತ್ತೆ ಕಣೇ. ಅಲ್ಲಿನ ಹಳೇ ನೆಟ್‌ವರ್ಕ್ ಸ್ವಿಚ್ಚು ಬಡಿಸೋದು ಒಬ್ಬರ ಊಟ. ಈಗ ಬಾಯಿ ಎರಡು. ಪೆಟ್ಟಿಗೆ ತಾನು ತಿಂದು ಮಾಡ್ಯೂಲನ್ನ ಉಪವಾಸ ಮಲಗಿಸುತ್ತೆ. ನಾಳೆ ಇದನ್ನ ನಡುವೆ ಸೇರಿಸಿ ನೋಡ್ಬೇಕು."

ಹೊಸ ಅಡಾಪ್ಟರು ಬರುವವರೆಗೆ, ಬರೀ ಪರೀಕ್ಷೆಗೆಂದು, ನಮ್ಮ ಮನೆಯ ಕೆಳಗಿನ ಜೆರಾಕ್ಸ್ ಅಂಗಡಿಯ ಅಕ್ಕನಿಂದ ಇದನ್ನು ಕೇಳಿ ತಂದಿದ್ದ. ಕೆಂಪು ಟೇಪು ಅವಳ ಗುರುತು.

"ಎಲ್ಲಿಗೆ?" ಅತ್ತೆ ಕೇಳಿದರು.

"ಅವನದೊಂದು ಕೆಲಸ ಉಳಿದಿದೆ."

"ಹೋಗು. ನಿನ್ನ ನೋಡ್ತಾ ನೋಡ್ತಾ ನನಗೆ ತಲೆ ಸುತ್ತು ಬಂದಿದೆ."

ವಾಚನಾಲಯದಲ್ಲಿ ಉದ್ದಣ್ಣ ಸ್ಟೂಲ್ ಹತ್ತಿ ಪೆಟ್ಟಿಗೆಯನ್ನು ಇಳಿಸಿದ. ಮಾಡ್ಯೂಲ್ ಖಾನೆಯಲ್ಲಿ ಸರಿಯಾಗಿ ಕೂತಿತ್ತು. ಎರಡೂ ತಿರುಪುಗಳು ಬಿಗಿಯಾಗಿದ್ದವು. ಒಂದರ ಮೇಲೆ ಹೆಬ್ಬೆರಳು ಇಟ್ಟು ತೆಗೆದೆ.

"ನೋಡಮ್ಮಾ, ಹೋದವರ ಬಗ್ಗೆ ನಾನೇನೂ ಹೇಳಲ್ಲ," ಎಂದರು ಮೇಲ್ವಿಚಾರಕರು. "ಆದ್ರೆ ಕೆಲಸ ಕೆಲಸಾನೇ."

"ಸ್ವಲ್ಪ ಹೊತ್ತು ಹೇಳದೇ ಇರಿ ಸರ್."

ಪೆಟ್ಟಿಗೆ ಮತ್ತೆ ಮೇಲೆ ಹೋಯಿತು. ಸ್ವಿಚ್ಚಿನ ತಂತಿಯನ್ನು ಅಡಾಪ್ಟರಿಗೆ, ಅಡಾಪ್ಟರಿನಿಂದ ಪೆಟ್ಟಿಗೆಗೆ ಕೊಟ್ಟು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆವು. ಪೆಟ್ಟಿಗೆಯ ದೀಪ ಮಿನುಗತೊಡಗಿತು. ಕಪಾಟುಗಳ ನಡುವೆ ಅತ್ತಿಂದಿತ್ತ ನಡೆದೆ. ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ಕನ್ನಡಕದ ಮೇಲಿಂದ ನೋಡಿದರು. ನಿಂತೆ. ಅವರು ಹಾಳೆ ಮಗುಚಿದೊಡನೆ ಮತ್ತೆ ನಡೆದೆ.

"ಬಂತು ಅತ್ತಿಗೆ!" ಉದ್ದಣ್ಣ ಫೋನ್ ಎತ್ತಿ ಹಿಡಿದ. "ಹೊಸ ರೇಡಿಯೋ ಕಾಣಿಸ್ತಿದೆ!"

ಮೇಲ್ವಿಚಾರಕರು ಕಂಪ್ಯೂಟರಿನಲ್ಲಿ ಒಂದೆರಡು ಪುಟ ತೆರೆದರು. ಬೆರಳು ಎತ್ತುವ ಮೊದಲೇ ಪುಟ ತೆರೆದುಕೊಳ್ಳುತ್ತಿತ್ತು.

"ಅದಕ್ಕೆ ಕರೆಂಟು ಸಾಲ್ತಿರಲಿಲ್ಲ ಸರ್. ಅವರ ಕೆಲಸ ಸರಿಯಾಗಿತ್ತು," ಎಂದೆ.

"ಸರಿಯಾಗೇ ಇತ್ತು," ಎಂದರು ಅವರು. "ಹಾಗಾದ್ರೆ ಈ ಅಡಾಪ್ಟರು ಇಲ್ಲೇ ಇರಲಿ ಬಿಡಿ."

ಇರಲಿ ಎಂದು ನನಗೂ ಅನಿಸಿತು. ಅವನ ಕೈಯ ಕೆಲಸ ತಲೆಯ ಮೇಲೆ ನಡೆಯುತ್ತಿತ್ತು.

"ಇದು ಬೇರೆಯವರದು ಸರ್. ಹೊಸದಕ್ಕೆ ನಮ್ಮ ಮನೆಯವರು ಹೇಳಿಟ್ಟಿದ್ದಾರೆ. ಬಂದ ಕೂಡಲೇ ಉದ್ದಣ್ಣ ಹಾಕ್ತಾನೆ."

ಉದ್ದಣ್ಣ ಪ್ಲಗ್ಗಿನ ಕಡೆ ಕೈ ಚಾಚಿ, ನನ್ನ ಮುಖ ನೋಡಿ, ಹಿಂದೆ ಸರಿದ. ನಾನೇ ಕಿತ್ತೆ. ದೀಪ ಆರಿತು.

ಜೆರಾಕ್ಸ್ ಅಂಗಡಿಯ ಗಾಜಿಗೆ 'ಇಂಟರ್‌ನೆಟ್ ಇಲ್ಲ' ಎಂದು ಬರೆದ ಹಾಳೆ ಅಂಟಿಸಿತ್ತು. ಅಡಾಪ್ಟರು ನಮ್ಮಲ್ಲಿದ್ದ ಇಷ್ಟು ದಿನವೂ ಇತ್ತೇನೋ, ನಾನು ನೋಡಿರಲಿಲ್ಲ.

"ಅಯ್ಯೋ, ಇದಕ್ಕೇನು ಅವಸರ?" ಅಕ್ಕ ಎದ್ದು ನಿಂತಳು. "ನಾನೇನಾದ್ರೂ ಕೇಳಿದ್ನಾ?"

"ನೀವು ಕೇಳೋರಲ್ಲ. ಅದಕ್ಕೇ ತಂದೆ."

"ಕೆಲಸಕ್ಕೆ ಬಂತಾ?"

"ಬಂತು ಅಕ್ಕಾ."

ಅಡಾಪ್ಟರನ್ನು ಕೌಂಟರಿನ ಮೇಲೆ ಇಟ್ಟೆ. ಕೈ ಮಾತ್ರ ಅದರ ಮೇಲೆಯೇ ಉಳಿಯಿತು. ಅಕ್ಕ ಅದನ್ನು ತನ್ನ ಕಡೆಯಿಂದ ಮೆಲ್ಲಗೆ ಎಳೆದಳು.

ಬಿಟ್ಟೆ.