ಸಂಜೆಯೊಳಗೆ ಬೇಕಾದ ಟೀ ಶರ್ಟ್‌ಗಳು

ಹೀಟ್ ಪ್ರೆಸ್ ಮನೆಗೆ ಬಂದದ್ದು ನನ್ನ ಹಟಕ್ಕೆ. ಹರಿಹರದ ನಮ್ಮ ಓಣಿಯಲ್ಲಿ ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಚ್ಚಿಕೊಂಡಿರುವವಳಿಗೆ ಟೀ ಶರ್ಟಿನ ಮೇಲೆ ಚಿತ್ರ ಒತ್ತುವ ಮೆಷಿನ್ ಯಾಕೆ ಎಂದು ನಮ್ಮ ಮನೆಯವರು, ಬಕ್ಕೇಶ್, ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಗಣಪತಿ ಹಬ್ಬಕ್ಕೆ, ಶಾಲೆಯ ಆಟೋಟಕ್ಕೆ ಅಂತ ಅಪರೂಪಕ್ಕೆ ಬರುವ ಕೆಲಸ, ನಿಜ. ಅದಕ್ಕೇ ಅಲ್ಲವೇ ನಾನು ಅಗ್ಗದ್ದು ಹುಡುಕಿದ್ದು?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಖಲೀಲ್ ಸಾಬರು ದೊಡ್ಡ ಮೆಷಿನ್ ತಂದ ಮೇಲೆ ಹಳೆಯದನ್ನು ಮೂಲೆಗೆ ತಳ್ಳಿದ್ದರು. ಪೆಟ್ಟಿಗೆಯ ಮುಚ್ಚಳದ ಹಾಗೆ ತೆರೆದು ಮುಚ್ಚುವ ಬಿಸಿ ತಟ್ಟೆ, ಒಂದು ಹಿಡಿಕೆ, ಒಂದು ಟೈಮರ್, ಅಷ್ಟೇ. ಮಾತಿಗೆ ಮರುಳಾಗುವವಳಲ್ಲ ನಾನು. ಬಟ್ಟೆಯ ತುಂಡು ಹಾಕಿ ನಾಲ್ಕೂ ಮೂಲೆ ಒತ್ತಿಸಿ ನೋಡಿದೆ. ಒಂದು ಮೂಲೆ ಮಂಕಾಗಿ ಬಂತು, ಅದನ್ನೇ ಹಿಡಿದು ಚೌಕಾಶಿ ಮಾಡಿದೆ. ಸಾಬರು ನಕ್ಕು ಒಪ್ಪಿದರು. ಕೆಲಸ ಹೆಚ್ಚಾದಾಗ ಕಾಗದಕ್ಕೆ ತಾವೇ ಪ್ರಿಂಟ್ ಹಾಕಿ ಕಳಿಸುವುದಾಗಿಯೂ, ನಾನು ಬರೀ ಒತ್ತಿಕೊಟ್ಟರೆ ಸಾಕೆಂದೂ ಹೇಳಿದರು.

ಮೆಷಿನ್ ನೋಡಿ ಖುಷಿಪಟ್ಟವನು ನನ್ನ ತಮ್ಮ ನಿಂಗರಾಜ ಒಬ್ಬನೇ. ತವರಿಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವ್ವನೂ ಅವನೂ ಆ ಕಡೆ. ಅವನದು ವೈರಿಂಗ್ ಕೆಲಸ. ಇದು ಬಹಳ ಕರೆಂಟ್ ಎಳೆಯುತ್ತದೆ ಎಂದು ಮೀಟರಿನಿಂದ ನನ್ನ ಹೊಲಿಗೆ ಕೋಣೆಗೆ ಬೇರೆಯೇ ಲೈನ್ ಎಳೆದುಕೊಟ್ಟ. ಅಪ್ಪ ಹೋದಾಗ ಅವನಿನ್ನೂ ತೊಟ್ಟಿಲಲ್ಲಿದ್ದ; ಎತ್ತಿ ಆಡಿಸಿದವಳು ನಾನು. ನನ್ನ ಜೀವ ಅವನ ಮೇಲೆ ಎಷ್ಟಿದೆ ಎಂದು ಯಾರಿಗೂ ಹೇಳಿದವಳಲ್ಲ, ಅವನಿಗಂತೂ ಬೈಗುಳವೇ ಜಾಸ್ತಿ.

ಆ ಗುರುವಾರ ಶಾಮನೂರಿನ ಹೊಸ ಲೇಔಟಿನಲ್ಲಿ ಕೆಲಸ ಮುಗಿಸಿ ಬರುವಾಗ ಅವನ ಬೈಕು ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿತು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಗೊತ್ತಾಗುತ್ತಲೇ ನಮ್ಮ ಮನೆಯವರು ಹೊರಟರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಐಸಿಯು ಒಳಗೆ ಹೆಂಗಸರನ್ನು ಬಿಡುವುದಿಲ್ಲ, ಅವ್ವನ ಹತ್ತಿರ ಯಾರಾದರೂ ಇರಬೇಕು ಎಂದರು. ಶುಕ್ರವಾರ ಬೆಳಿಗ್ಗೆ ಫೋನ್ ಮಾಡಿ ಆಪರೇಷನ್ ಆಗಿದೆ ಎಂದರು. ಮಧ್ಯಾಹ್ನ ಮಾಡಿದವರು ನಿಂಗನ ಆಧಾರ್ ಕಾರ್ಡ್ ಎಲ್ಲಿದೆ ಎಂದು ಕೇಳಿದರು. ಯಾಕೆ ಎಂದರೆ ಆಸ್ಪತ್ರೆಯವರು ಕೇಳುತ್ತಾರೆ ಎಂದು ಇಟ್ಟುಬಿಟ್ಟರು.

ಅಷ್ಟರಲ್ಲಿ ಎದುರುಮನೆಯ ಪುಟ್ಟಕ್ಕ ಅನ್ನ ಸಾರು ಮಾಡಿಕೊಂಡು ಬಂದಳು. ಒಲೆ ಹಚ್ಚುವುದು ಬೇಡ ಎಂದಳು. ಯಾಕೆ, ನಮ್ಮ ಮನೆಯಲ್ಲಿ ಏನಾಗಿದೆ ಎಂದು ನಾನು ಸಿಡುಕಿದೆ. ಅವಳು ಪಾತ್ರೆ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು, ಬಿಸಿಲು ಎಂದಳು. ಓಣಿಯ ತಿರುವಿನಲ್ಲಿ ನಿಂತಿದ್ದ ಗಂಡಸರು ನಾನು ಹೊರಗೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಯಾರೋ ಬಂದು ನಮ್ಮ ಅಂಗಳದ ಸೈಕಲ್, ಕಟ್ಟಿಗೆ ಎಲ್ಲ ಪಕ್ಕಕ್ಕೆ ಸರಿಸಿದರು. ಸುಮ್ಮನೆ ಅಂದರು. ಹೇಳದೆ ಕೇಳದೆ ಬಂದು ಕೂತ ಹೆಂಗಸರನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಅವನು ಆಸ್ಪತ್ರೆಯಲ್ಲಿದ್ದಾನೆ, ಇವರಿಗೇನು ಇಲ್ಲಿ ಕೆಲಸ?

ಖಲೀಲ್ ಸಾಬರ ಫೋನ್ ಬಂದದ್ದು ಆಗ. ದೊಡ್ಡ ಮೆಷಿನ್ನಿನ ಕಾಯಿಲ್ ಸುಟ್ಟಿದೆ, ಯಾರೋ ಹುಡುಗರ ಟೀ ಶರ್ಟ್ ಆರ್ಡರ್ ಸಂಜೆಯೊಳಗೆ ಬೇಕು, ನಾಳೆ ಬೆಳಿಗ್ಗೆ ಅವರು ಹಾಕಿಕೊಳ್ಳಬೇಕಂತೆ ಎಂದರು. ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಆ ಹೆಂಗಸರ ನಡುವೆ ಕೂರುವುದಕ್ಕಿಂತ ಕೈಗೆ ಕೆಲಸ ಇರುವುದೇ ವಾಸಿ ಅನ್ನಿಸಿತು. ಆಟೋದಲ್ಲಿ ಶರ್ಟು, ಪ್ರಿಂಟ್ ಹಾಕಿದ ಕಾಗದಗಳ ಗಂಟು ಬಂತು. ನಾನು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಮೆಷಿನ್ ಬಿಸಿಗಿಟ್ಟೆ.

ಈ ಕೆಲಸದಲ್ಲಿ ಕಾಗದದ ಮೇಲೆ ಎಲ್ಲ ಉಲ್ಟಾ ಇರುತ್ತದೆ, ಬಣ್ಣವೂ ಬೂದಿ ಸವರಿದ ಹಾಗೆ ಮಂಕು. ಬಿಸಿ ತಾಗಿ ಬಟ್ಟೆಗಿಳಿದ ಮೇಲೆಯೇ ಏನಿದೆ ಎಂದು ಸರಿಯಾಗಿ ಕಾಣುವುದು. ಸುತ್ತ ಹೂವಿನ ಅಂಚು, ನಡುವೆ ಕಪ್ಪು ಕನ್ನಡಕ ಹಾಕಿದ ಯಾರದೋ ಮುಖ. ಯಾವನೋ ಪುಢಾರಿಯ ಬರ್ತ್‌ಡೇ ಇರಬೇಕೆಂದುಕೊಂಡೆ. ನನ್ನ ಕಣ್ಣು ಇದ್ದದ್ದು ಫೋನಿನ ಮೇಲೆ. ಬಿಳಿ ಶರ್ಟ್ ಹಾಸಿ, ಕಾಗದ ಬೋರಲು ಹಾಕಿ, ಹಿಡಿಕೆ ಎಳೆದೆ. ಟೈಮರ್ ಕೂಗಿತು. ಕಾಗದ ಎತ್ತಿದೆ.

ನಿಂಗರಾಜ ನಗುತ್ತಿದ್ದ. ಚಿಕ್ಕಪ್ಪನ ಮಗಳ ಮದುವೆಯಲ್ಲಿ ತೆಗೆಸಿಕೊಂಡ ಫೋಟೋ. ಕೆಳಗೆ ಕೆಂಪು ಅಕ್ಷರದಲ್ಲಿ ‘ಮತ್ತೆ ಹುಟ್ಟಿ ಬಾ ಗೆಳೆಯ’ ಎಂದಿತ್ತು.

ಮೊದಲು ಬಂದದ್ದು ಸಿಟ್ಟು. ಯಾವ ಹಲ್ಕಾ ನನ್ಮಕ್ಕಳು ಬದುಕಿರುವವನಿಗೆ ಹೀಗೆ ಮಾಡಿದರು ಎಂದು ಶರ್ಟ್ ಕಿತ್ತು ಎಳೆದೆ. ಆಮೇಲೆ ಅಂಗಳ ನೆನಪಾಯಿತು, ಆಧಾರ್ ಕಾರ್ಡ್ ನೆನಪಾಯಿತು. ಹೆಣ ಮನೆಗೆ ಬರುವತನಕ ಮನೆಯ ಹೆಂಗಸರಿಗೆ ಹೇಳಬಾರದು, ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ. ನನ್ನ ಹತ್ತಿರ ಮೆಷಿನ್ ಇರುವುದು ಅವನ ಗೆಳೆಯರಿಗೆ ಗೊತ್ತು. ನನಗೆ ಸುಳಿವು ಸಿಗದಿರಲಿ ಎಂದೇ ಅವರು ಶವಯಾತ್ರೆಗೆ ಹಾಕಿಕೊಳ್ಳುವ ಈ ಶರ್ಟ್‌ಗಳಿಗೆ ದಾವಣಗೆರೆಯ ಅಂಗಡಿಗೆ ಹೋಗಿದ್ದರು. ಪಾಪ, ಸಾಬರಿಗೆ ಇವನು ನನ್ನ ತಮ್ಮ ಎಂದು ಹೇಗೆ ಗೊತ್ತಾಗಬೇಕು?

ನಮ್ಮ ಮನೆಯವರಿಗೆ ಫೋನ್ ಹಚ್ಚಿ, "ನಿಂಗನ್ನ ಯಾವಾಗ ತರ್ತೀರಿ?" ಎಂದಷ್ಟೇ ಕೇಳಿದೆ.

"ಯಾರು ಹೇಳಿದ್ರು ನಿಂಗೆ?" ಎಂದು ಕೇಳಿ ಅತ್ತುಬಿಟ್ಟರು. ಪೋಸ್ಟ್‌ಮಾರ್ಟಮ್ ನಾಳೆಗೆ ಹೋಗಿದೆಯಂತೆ. "ಅವ್ವಗೆ ಹೇಳಬ್ಯಾಡ ಚೌಡಿ. ಇದೊಂದು ರಾತ್ರಿ ಮಲಗ್ಲಿ."

ಬಾಗಿಲು ತಳ್ಳಿಕೊಂಡು ಅವ್ವ ಬಂದಳು. ಶರ್ಟ್ ಮಗುಚಿ ಹಾಕಿದೆ. ಯಾರ ಕೆಲಸ ಇದು ಎಂದು ಕೇಳಿದಳು, ಹಬ್ಬದ್ದು ಎಂದೆ. ಕಣ್ಣು ಯಾಕೆ ಹೀಗಿದೆ ಎಂದಳು. ಮೆಷಿನ್ನಿನ ಕಾವು ಎಂದೆ. ಅಷ್ಟೂ ಹೊತ್ತು ಊರಿನವರನ್ನೆಲ್ಲ ಬೈದುಕೊಂಡವಳು ನಾನೇ, ಎಷ್ಟು ಸಲೀಸಾಗಿ ಬಂತು ಸುಳ್ಳು.

"ಅವನು ಯಾವಾಗ ಬರ್ತಾನಂತೆ?"

"ನಾಳೆ ಬೆಳಿಗ್ಗೆ ಕರ್ಕೊಂಡ್ ಬರ್ತಾರಂತೆ ಅವ್ವ."

ಅವ್ವನ ಮುಖ ಅರಳಿತು. ಗೋಡೆ ಹಿಡಿದುಕೊಂಡು ನಿಂತು, ಇಷ್ಟು ಬೇಗ ಬಿಟ್ಟರಾ ಎಂದಳು. ಅವನ ಹಾಸಿಗೆ ಕೊಡವಿ ಹಾಕಬೇಕು ಎಂದುಕೊಂಡು ಆ ಕಡೆ ಹೋದಳು. ಗೋಡೆಯಾಚೆ ಅವಳು ಚಾದರ ಝಾಡಿಸುವುದು ಕೇಳಿಸುತ್ತಿತ್ತು. ಗಂಟಿನಲ್ಲಿ ಇನ್ನೂ ಶರ್ಟ್‌ಗಳಿದ್ದವು. ಒಂದನ್ನು ತೆಗೆದು ಹಾಸಿ, ಸುಕ್ಕು ಸವರಿ, ತಮ್ಮನ ಮುಖವನ್ನು ಬೋರಲು ಇಟ್ಟು ಹಿಡಿಕೆ ಎಳೆದೆ.